ಸುಮ್ಮನಿರೋ ಮಗುವಿಗೆ ರಿಪೇರಿ ಬೇಕಿಲ್ಲ

1990ರಲ್ಲಿ ಶಾಂಘೈನ ಪ್ರೈಮರಿ ಸ್ಕೂಲಿನಲ್ಲಿ ನಾಚಿಕೆ ಸ್ವಭಾವದ, ಮಾತು ಕಡಿಮೆಯ, ಹತ್ತು ವರ್ಷದ ಮಗುವೊಂದು ಇದ್ದಿದ್ದರೆ ಅದನ್ನು ಜೊತೆಯ ಮಕ್ಕಳು ಇಷ್ಟಪಡುವ, ಮೇಷ್ಟ್ರು ಮೆಚ್ಚುವ, ಅದು ಓದಿನಲ್ಲೂ ಮುಂದಿರುವ ಸಂಭವ ಹೆಚ್ಚಿತ್ತು. 2002ರಲ್ಲಿ ಅದೇ ಊರಿನ, ಅದೇ ವಯಸ್ಸಿನ, ಅದೇ ಸ್ವಭಾವದ ಮಗುವನ್ನು ಜೊತೆಯವರು ದೂರ ಇಡುವ, ಅದಕ್ಕೆ ಸ್ಕೂಲಿನಲ್ಲಿ ತೊಂದರೆಯಾಗುವ, ಅದು ಖಿನ್ನತೆಗೆ ಜಾರುವ ಸಂಭವ ಹೆಚ್ಚಾಗಿತ್ತು. ನಡುವೆ ಕಳೆದದ್ದು ಬರೀ ಹನ್ನೆರಡು ವರ್ಷ. ಒಂದು ಸ್ವಭಾವ ಗುಣದ ಪಟ್ಟಿಯಿಂದ ದೋಷದ ಪಟ್ಟಿಗೆ ದಾಟೋಕೆ ಅಷ್ಟು ಸಾಕಾಯ್ತು.

ಇದು ವಾಟ್ಸಾಪ್ ಫಾರ್ವರ್ಡ್ ಅಲ್ಲ. ಷಿನ್‌ಯಿನ್ ಚೆನ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 1990, 1998, 2002ರಲ್ಲಿ ಶಾಂಘೈನ ಮೂರು ತಲೆಮಾರಿನ ಶಾಲಾಮಕ್ಕಳನ್ನು ಅಧ್ಯಯನ ಮಾಡಿ, 2005ರಲ್ಲಿ 'ಚೈಲ್ಡ್ ಡೆವಲಪ್‌ಮೆಂಟ್' ಅನ್ನುವ ಸಂಶೋಧನಾ ಪತ್ರಿಕೆಯಲ್ಲಿ ಬರೆದ ವಿಷಯ. ಇದನ್ನ ಇಲ್ಲಿ ಎಳೆದು ತರೋಕೆ ಕಾರಣ ಇದೆ. ನನ್ನ ಅಕ್ಕನ ಮಗಳಿಗೆ ಏಳು ವರ್ಷ. ಅವಳ ರಿಪೋರ್ಟ್ ಕಾರ್ಡಿನಲ್ಲಿ ಕನ್ನಡ, ಲೆಕ್ಕ ಎಲ್ಲಾ ಚೆನ್ನಾಗಿದೆ, ಕೆಳಗೆ ಮಾತ್ರ ಒಂದು ಸಾಲು: 'ತರಗತಿಯಲ್ಲಿ ಬೆರೆಯುವುದಿಲ್ಲ, ಆತ್ಮವಿಶ್ವಾಸ ಬೆಳೆಸಿ.' ಆ ಒಂದು ಸಾಲು ಹಿಡ್ಕೊಂಡು ಅಕ್ಕ ಒಂದು ವಾರ ನಿದ್ದೆಗೆಟ್ಟಳು. 'ಪಬ್ಲಿಕ್ ಸ್ಪೀಕಿಂಗ್ ಕ್ಲಾಸಿಗೆ ಸೇರಿಸ್ಲೇನೋ? ಈಗಲೇ ಸರಿ ಮಾಡ್ದೇ ಇದ್ರೆ ಮುಂದೆ ಕಷ್ಟ ಅಂತಾರೆ' ಅಂತ ಫೋನ್ ಮಾಡಿದಳು. ಸರಿ ಮಾಡೋದು! ಏನು ಕೆಟ್ಟಿದೆ ಅಂತ ಯಾರೂ ಹೇಳಿಲ್ಲ, ಸರಿ ಮಾಡೋಕೆ ಫೀಸು ಮಾತ್ರ ನಿಗದಿಯಾಗಿದೆ.

ನನ್ನ ವಾದ ಇಷ್ಟೇ. ಸುಮ್ಮನಿರುವುದು ಗುಣವೋ ದೋಷವೋ ಅಂತ ಮಗುವಿನೊಳಗೆ ಎಲ್ಲೂ ಬರೆದಿಲ್ಲ. ಅದನ್ನ ಬರೆಯುವುದು ಹೊರಗಿನವರು, ತಮ್ಮ ಕಾಲದ ಅಗತ್ಯ ನೋಡ್ಕೊಂಡು. ಅಗತ್ಯ ಬದಲಾದ ಕೂಡಲೇ ಷರಾ ಬದಲಾಗುತ್ತೆ, ಪೆಟ್ಟು ಮಗುವಿಗೆ ಬೀಳುತ್ತೆ. ಇದಕ್ಕೆ ಚೀನಾದಷ್ಟು ಚೊಕ್ಕ ಸಾಕ್ಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮೊದಲು ಈ ಅಳತೆ ಮಾಡಿದ್ದು ಹೇಗೆ ಅಂತ ನೋಡಿ, ಯಾಕಂದ್ರೆ ನಮ್ಮಂಥ ಇಂಜಿನಿಯರುಗಳಿಗೆ ಅಳತೆ ಗೊತ್ತಾಗದೆ ನಂಬಿಕೆ ಬರಲ್ಲ. ಮಕ್ಕಳಿಗೆ ಒಂದು ಆಟ ಕೊಡ್ತಾರೆ. 'ನಿಮ್ಮ ಕ್ಲಾಸಿನವರು ಒಂದು ನಾಟಕ ಆಡ್ತಿದ್ದಾರೆ, ನೀನೇ ಅದರ ಡೈರೆಕ್ಟರ್ ಅಂದ್ಕೋ. ತುಂಬಾ ನಾಚಿಕೊಳ್ಳುವವರ ಪಾತ್ರಕ್ಕೆ ಯಾರನ್ನ ಹಾಕ್ತೀಯ? ಬೇಗ ಮನಸ್ಸು ನೋಯಿಸಿಕೊಳ್ಳುವವರ ಪಾತ್ರಕ್ಕೆ? ಜಗಳಗಂಟರ ಪಾತ್ರಕ್ಕೆ?' ಅಂತ ಕೇಳ್ತಾರೆ. ಹೀಗೆ ಇಡೀ ತರಗತಿ ಕೊಟ್ಟ ಹೆಸರುಗಳಿಂದ ಯಾರು ನಾಚಿಕೆಯವರು, ಯಾರು ಜಗಳಗಂಟರು, ಯಾರು ಕೂಡಿ ಆಡುವವರು ಅಂತ ಗೊತ್ತಾಗುತ್ತೆ. ಬೇರೆಯಾಗಿ, ಯಾರ ಜೊತೆ ಇರೋಕೆ ಇಷ್ಟ, ಯಾರ ಜೊತೆ ಬೇಡ ಅಂತಲೂ ಕೇಳ್ತಾರೆ. ಇದಕ್ಕೆ ಮೇಷ್ಟ್ರ ಅಭಿಪ್ರಾಯ, ಶಾಲೆಯ ದಾಖಲೆ, ಮಗು ತನ್ನ ಬಗ್ಗೆ ತಾನೇ ಹೇಳಿದ್ದು, ಎಲ್ಲಾ ಸೇರಿಸಿ ಜೋಡಿಸ್ತಾರೆ. ಮಕ್ಕಳ ಲೋಕದಲ್ಲಿ ಮಕ್ಕಳೇ ನ್ಯಾಯಾಧೀಶರು ಅನ್ನೋದನ್ನ ಒಪ್ಪಿಕೊಂಡ ವಿಧಾನ ಇದು.

ಈ ವಿಧಾನದಲ್ಲಿ ಚೆನ್, ಕೆನೆತ್ ರೂಬಿನ್ ಮತ್ತು ಸಂಗಡಿಗರು 1992ರಲ್ಲೇ ಶಾಂಘೈ ಮಕ್ಕಳನ್ನೂ ಕೆನಡಾದ ಮಕ್ಕಳನ್ನೂ ಹೋಲಿಸಿದ್ದರು. ಕೆನಡಾದಲ್ಲಿ ನಾಚಿಕೆಯ ಮಗುವನ್ನ ಜೊತೆಯವರು ಅಷ್ಟಾಗಿ ಹತ್ತಿರ ಸೇರಿಸ್ತಿರಲಿಲ್ಲ. ಶಾಂಘೈನಲ್ಲಿ ಅದಕ್ಕೆ ಪೂರಾ ಉಲ್ಟಾ. ಇನ್ನೂ ಚಿಕ್ಕ ಮಕ್ಕಳಲ್ಲಿ, ಎರಡು ವರ್ಷದವರಲ್ಲಿ, 1998ರಲ್ಲಿ ಪ್ರಕಟವಾದ ಅಧ್ಯಯನ ಅಮ್ಮಂದಿರ ಮನೋಭಾವವನ್ನೇ ನೋಡಿತು. ಹೊಸಬರನ್ನ ಕಂಡರೆ ಹಿಂಜರಿದು ಅಮ್ಮನ ಬಟ್ಟೆ ಹಿಡ್ಕೊಳ್ಳುವ ಮಕ್ಕಳಿರ್ತಾರಲ್ಲ, ಅಂಥವರ ಬಗ್ಗೆ ಚೀನಾದ ತಾಯಂದಿರು ಹೆಚ್ಚು ಅಕ್ಕರೆ ತೋರಿಸ್ತಿದ್ದರು. ಕೆನಡಾದ ತಾಯಂದಿರಲ್ಲಿ ಅದೇ ಹಿಂಜರಿಕೆಯ ಜೊತೆ ಶಿಕ್ಷೆಯ ಕಡೆಗಿನ ಒಲವು ಕಾಣ್ತಿತ್ತು. ಮಗು ಅದೇ, ಸೆರಗು ಅದೇ. ಸೆರಗಿನ ಆ ಕಡೆ ಇದ್ದ ಮುಖ ಬೇರೆ.

ಚೀನಾದಲ್ಲಿ ಇಂಥ ಮಗುವಿಗೆ ಹೇಳುವ ಮಾತು 'ಗುವಾಯ್'. ಹೇಳಿದ ಮಾತು ಕೇಳುವ, ತಂಟೆ ಮಾಡದ, ಜಾಣ ಮಗು ಅಂತ. ಇನ್ನೊಂದು 'ದೋಂಗ್‌ಶಿ', ಅಂದ್ರೆ ತಿಳುವಳಿಕೆ ಬಂದಿದೆ, ಸಂದರ್ಭ ಅರ್ಥವಾಗುತ್ತೆ ಅಂತ. ನಮ್ಮೂರಲ್ಲೂ 'ಪಾಪ, ಬಾಯಿಲ್ಲದ ಹುಡುಗ' ಅನ್ನೋದು ಹೊಗಳಿಕೆಯೇ ಆಗಿತ್ತು. ಸಂಬಂಧ ನೋಡೋಕೆ ಬಂದವರ ಮುಂದೆ ಮೊದಲು ಬರ್ತಿದ್ದ ಸರ್ಟಿಫಿಕೇಟು ಅದು.

ಇಲ್ಲಿ ಒಂದು ಸೋಮಾರಿ ವಿವರಣೆ ತಕ್ಷಣ ಎದ್ದು ನಿಲ್ಲುತ್ತೆ: 'ಅದು ಪೌರ್ವಾತ್ಯ ಸಂಸ್ಕೃತಿ ಸ್ವಾಮಿ, ನಮ್ಮ ಕಡೆಯವರಿಗೆ ಸಂಯಮ ರಕ್ತದಲ್ಲೇ ಬಂದಿದೆ.' ಚೆನ್ನಾಗಿದೆ. ಹಾಗಾದ್ರೆ ಸಾವಿರಾರು ವರ್ಷದ ಆ ಸಂಸ್ಕೃತಿ ಹನ್ನೆರಡು ವರ್ಷದಲ್ಲಿ ಎಲ್ಲಿಗೆ ಹೋಯ್ತು? 1990ರಿಂದ 2002ರೊಳಗೆ ಶಾಂಘೈ ಜನರ ರಕ್ತ ಬದಲಾಗಲಿಲ್ಲ. ಕನ್‌ಫ್ಯೂಷಿಯಸ್ ಕೂಡ ಎದ್ದು ಬಂದು ಹೇಳಿಕೆ ತಿದ್ದಲಿಲ್ಲ. ಬದಲಾದದ್ದು ಹೊಟ್ಟೆಪಾಡಿನ ದಾರಿ.

ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೆಯ ಚೀನಾದಲ್ಲಿ ಕಾಲೇಜು ಮುಗಿಸಿದವರಿಗೆ ಸರ್ಕಾರವೇ ಕೆಲಸ ಹಂಚುತ್ತಿತ್ತು. ಕೆಲಸ ಕೊಟ್ಟ ಘಟಕವೇ ಮನೆ, ಆಸ್ಪತ್ರೆ, ಪಿಂಚಣಿ ಎಲ್ಲಾ ನೋಡ್ಕೊಳ್ತಿತ್ತು. ಅಂಥ ವ್ಯವಸ್ಥೆಯಲ್ಲಿ 'ನಾನು ಯಾರು, ನನ್ನಲ್ಲಿ ಏನಿದೆ' ಅಂತ ಯಾರ ಮುಂದೆಯೂ ಕೂತು ಹೇಳ್ಕೊಳ್ಳುವ ಅಗತ್ಯವೇ ಇಲ್ಲ. ತಲೆ ಎತ್ತಿದ ಹಕ್ಕಿಗೇ ಮೊದಲ ಗುಂಡು ಅನ್ನೋ ಗಾದೆ ಆ ಕಡೆ ಇದೆ. ತಲೆ ತಗ್ಗಿಸಿಕೊಂಡು, ಅಕ್ಕಪಕ್ಕದವರ ಜೊತೆ ಹೊಂದಿಕೊಂಡು ಹೋಗುವವನಿಗೆ ಅಲ್ಲಿ ನಷ್ಟವಿರಲಿಲ್ಲ.

1990ರ ಡಿಸೆಂಬರಿನಲ್ಲಿ ಶಾಂಘೈ ಷೇರುಪೇಟೆ ವಹಿವಾಟು ಶುರುಮಾಡಿತು. ಅದೇ ವರ್ಷ ನದಿಯಾಚೆಯ ಪುಡಾಂಗನ್ನು ಅಭಿವೃದ್ಧಿಗೆ ತೆರೆಯುವ ಘೋಷಣೆಯಾಯ್ತು. 1992ರಲ್ಲಿ ಡೆಂಗ್ ಷಿಯಾವೋಪಿಂಗ್ ದಕ್ಷಿಣದ ಪ್ರವಾಸ ಮಾಡಿ ಮಾರುಕಟ್ಟೆ ಸುಧಾರಣೆಗೆ ಮತ್ತೆ ವೇಗ ಕೊಟ್ಟರು. ತೊಂಬತ್ತರ ದಶಕದ ಕೊನೆಗೆ ಸರ್ಕಾರಿ ಕಾರ್ಖಾನೆಗಳಿಂದ ಕೋಟ್ಯಂತರ ಜನ ಕೆಲಸ ಕಳ್ಕೊಂಡರು, ಪದವೀಧರರಿಗೆ ಕೆಲಸ ಹಂಚುವ ಪದ್ಧತಿ ಮುಗಿಯುತ್ತಾ ಬಂತು. 1999ರಲ್ಲಿ ಸರ್ಕಾರ, ಬರೀ ಪರೀಕ್ಷೆ ಸಾಲದು, ಮಕ್ಕಳಲ್ಲಿ ಸೃಜನಶೀಲತೆ, ಸರ್ವತೋಮುಖ ಸಾಮರ್ಥ್ಯ ಬೆಳೆಯಬೇಕು ಅಂತ ಶಿಕ್ಷಣ ನೀತಿಯನ್ನ ತಿರುಗಿಸಿತು. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಈಗ ಕೆಲಸ ಬೇಕಾದರೆ ಇಂಟರ್‌ವ್ಯೂ, ಇಂಟರ್‌ವ್ಯೂನಲ್ಲಿ ತನ್ನನ್ನ ತಾನೇ ಮಾರ್ಕೊಳ್ಳಬೇಕು. ಸ್ಕೂಲುಗಳಲ್ಲಿ ಚರ್ಚಾಸ್ಪರ್ಧೆ, ಮುಂದೆ ಬಂದು ಮಾತಾಡುವುದು, ತಾನೇ ಯೋಜನೆ ಹಾಕಿ ನಡೆಸುವುದಕ್ಕೆ ಒತ್ತು. ಅಪ್ಪ ಅಮ್ಮ ಗಾಬರಿಯಾದರು, ಆ ಗಾಬರಿ ಮಕ್ಕಳ ಆಟದ ಮೈದಾನದವರೆಗೆ ಇಳೀತು.

1998ರ ಮಕ್ಕಳ ಫಲಿತಾಂಶ ನನಗೆ ಎಲ್ಲಕ್ಕಿಂತ ಕಾಡಿದ್ದು. ಆ ವರ್ಷ ನಾಚಿಕೆಯ ಮಕ್ಕಳು ಇಷ್ಟವಾಗುವವರ ಪಟ್ಟಿಯಲ್ಲೂ ಇದ್ದರು, ಬೇಡವಾದವರ ಪಟ್ಟಿಯಲ್ಲೂ ಇದ್ದರು. ಒಂದೇ ತರಗತಿಯಲ್ಲಿ ಕೆಲವರಿಗೆ ಇನ್ನೂ ಹಳೆಯ ಕಣ್ಣು, ಕೆಲವರಿಗೆ ಆಗಲೇ ಹೊಸ ಕಣ್ಣು. ನಡುವೆ ನಿಂತ ಮಗುವಿಗೆ ತಾನು ಒಳ್ಳೆಯವನೋ ಕೆಟ್ಟವನೋ ಅಂತ ಗೊತ್ತಾಗೋದು ಹೇಗೆ? ಕೋಡ್ ಒಂದು ಅಕ್ಷರ ಬದಲಾಗಿಲ್ಲ, ರಿಕ್ವೈರ್‌ಮೆಂಟ್ ಬದಲಾಗಿದೆ, ಆದರೆ ಬಗ್ ಅಂತ ಬರೆದದ್ದು ಕೋಡಿನ ಹೆಸರಿಗೆ. ಆಫೀಸಿನಲ್ಲಿ ಹೀಗಾದ್ರೆ ನಾವೆಲ್ಲಾ ಎಗರಾಡ್ತೀವಿ. ಮಗುವಿನ ವಿಷಯದಲ್ಲಿ ಫೀಸು ಕಟ್ಟಿ ಬರ್ತೀವಿ.

'ಹಾಗಂದ್ರೆ ಎಲ್ಲಾ ಗುಣವೂ ಕಾಲಕ್ಕೆ ತಕ್ಕಂತೆ ಅಂತೀಯಾ?' ಅಂತ ಕೇಳಬಹುದು. ಇಲ್ಲ. ಅದೇ ಅಧ್ಯಯನದಲ್ಲಿ ಮೂರೂ ವರ್ಷ ಅಲುಗಾಡದೆ ನಿಂತ ಎರಡು ಸಂಗತಿ ಇವೆ. ಕೂಡಿ ಆಡುವ, ನೆರವಾಗುವ ಮಗು 1990ರಲ್ಲೂ ಬೇಕಾಗಿತ್ತು, 2002ರಲ್ಲೂ ಬೇಕಾಗಿತ್ತು. ಹೊಡೆಯುವ, ತರಲೆ ಮಾಡುವ ಮಗುವಿಗೆ ಮೂರೂ ಸಲ ತೊಂದರೆ ಇತ್ತು. ಯಾಕಂದ್ರೆ ಹೊಡೆದರೆ ಇನ್ನೊಬ್ಬರಿಗೆ ನೋವಾಗುತ್ತೆ, ಅದಕ್ಕೆ ಕಾಲದ ಹಂಗಿಲ್ಲ. ಸುಮ್ಮನಿರುವವನಿಂದ ಯಾರಿಗೂ ನೋವಿಲ್ಲ. ಅದಕ್ಕೇ ಅವನ ಬೆಲೆ ಮಾತ್ರ ಮಂಡಿಯ ರೇಟಿನ ಹಾಗೆ ಏರಿಳಿಯಿತು.

ಇನ್ನೊಂದು ಸಾಕ್ಷಿ ಹಳ್ಳಿಯಿಂದ ಬಂದವರದ್ದು, ಅದನ್ನ ಹಳ್ಳಿಯಿಂದ ಬಂದ ನಾನು ಬಿಡೋಕಾಗಲ್ಲ. ಚೆನ್ ತಂಡ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ನಗರದ ಮಕ್ಕಳನ್ನೂ, ಹಳ್ಳಿಯಿಂದ ನಗರಕ್ಕೆ ದುಡಿಯಲು ಬಂದವರ ಮಕ್ಕಳನ್ನೂ ಹೋಲಿಸಿತು. ನಗರದ ಮಕ್ಕಳಲ್ಲಿ ನಾಚಿಕೆಯ ಜೊತೆ ಕಷ್ಟಗಳು, ಖಿನ್ನತೆ ಬಂದವು. ವಲಸೆ ಬಂದ ಹಳ್ಳಿ ಮಕ್ಕಳಲ್ಲಿ ಅದೇ ನಾಚಿಕೆಯ ಜೊತೆ ಮೇಷ್ಟ್ರ ಮೆಚ್ಚುಗೆ, ನಾಯಕತ್ವ, ಓದಿನ ಮುನ್ನಡೆ ಬಂದವು. ದೇಶ ಒಂದೇ, ಕಾಲ ಒಂದೇ. ಈ ಮಕ್ಕಳ ಸುತ್ತ ಇನ್ನೂ ಹಳ್ಳಿಯ ಕಣ್ಣುಗಳೇ ಇದ್ದವು. ಚೀನಾದ ಹುಕೋವು ಪದ್ಧತಿ, ಅಂದ್ರೆ ಯಾವ ಊರಲ್ಲಿ ನಿಮ್ಮ ಕುಟುಂಬದ ನೋಂದಣಿ ಇದೆಯೋ ಅಲ್ಲೇ ನಿಮ್ಮ ಹಕ್ಕು ಅನ್ನುವ ನಿಯಮ, ಇಂಥ ಎಷ್ಟೋ ಮಕ್ಕಳನ್ನ ನಗರದ ಸರ್ಕಾರಿ ಶಾಲೆಯಿಂದ ಹೊರಗಿಟ್ಟು ವಲಸಿಗರ ಶಾಲೆಗೆ ಕಳಿಸಿತ್ತು. ಅನ್ಯಾಯದ ಗೋಡೆಯೇ. ಆದರೆ ಆ ಗೋಡೆಯೊಳಗೆ ನಾಚಿಕೆಗೆ ಇನ್ನೂ ಮರ್ಯಾದೆ ಇತ್ತು.

ಹಾಗಂತ ಹಳ್ಳಿಯನ್ನ ಪಲ್ಲಕ್ಕಿ ಮೇಲೆ ಕೂರಿಸೋಕೆ ನಾನು ತಯಾರಿಲ್ಲ. ನಮ್ಮಂಥವರಿಗೆ ಅದೊಂದು ಚಟ. ಶನಿವಾರ ಮಾಲ್‌ನಲ್ಲಿ ನಿಂತು ಊರಿನ ಅರಳಿಕಟ್ಟೆ ನೆನೆಸಿಕೊಳ್ಳೋದು.

ಸಂಶೋಧಕರು ಸುಮ್ಮನಿರುವುದನ್ನ ಒಂದೇ ಗುಡ್ಡೆ ಹಾಕಲ್ಲ, ಕನಿಷ್ಠ ಮೂರು ಭಾಗ ಮಾಡ್ತಾರೆ. ಒಂದು, ಸೇರಬೇಕು ಅಂತ ಆಸೆ ಇದೆ, ಅಳುಕು ಹಿಂದಕ್ಕೆ ಎಳೀತಿದೆ, ಇದು ನಾಚಿಕೆ. ಎರಡು, ಒಬ್ಬನೇ ಇರೋದೇ ಇಷ್ಟ, ಪುಸ್ತಕವೋ ಇರುವೆ ಸಾಲೋ ಸಾಕು, ಇದು ಏಕಾಂತಪ್ರಿಯತೆ. ಮೂರು, ಮಗು ಬರೋಕೆ ತಯಾರಿದೆ, ಬೇರೆಯವರು ಸೇರಿಸ್ಕೊಳ್ತಿಲ್ಲ, ಇದು ಬಹಿಷ್ಕಾರ. ದೂರದಿಂದ ನೋಡಿದರೆ ಮೂವರೂ ಮೈದಾನದ ಅಂಚಿನಲ್ಲಿ ಒಂದೇ ಥರ ಕೂತಿರ್ತಾರೆ.

ಚೀನಾದ ಹಳ್ಳಿಗಳಲ್ಲಿ ಮೊದಲನೆಯವನಿಗೆ ಮರ್ಯಾದೆ ಸಿಕ್ಕಿತು. ಎರಡನೆಯವನಿಗೆ ಸಿಗಲಿಲ್ಲ. ಒಬ್ಬನೇ ಇರೋಕೆ ಇಷ್ಟಪಡುವ ಮಗುವನ್ನ ಅಲ್ಲಿ ಸ್ವಾರ್ಥಿ, ಗುಂಪಿಗೆ ಸೇರದವನು ಅಂತ ನೋಡ್ತಾರೆ, ಅಂಥ ಮಕ್ಕಳಿಗೆ ಜೊತೆಯವರ ತಿರಸ್ಕಾರ ಬರುತ್ತೆ ಅಂತ ಅದೇ ತಂಡದ ಗ್ರಾಮೀಣ ಅಧ್ಯಯನಗಳು ಹೇಳುತ್ತವೆ. ಪಶ್ಚಿಮದಲ್ಲಿ ಒಬ್ಬನೇ ಆಡುವ ಮಗುವನ್ನ 'ಅವನಿಷ್ಟ' ಅಂತ ಬಿಡೋದು ಜಾಸ್ತಿ. ನಮ್ಮೂರಲ್ಲೂ ಹೀಗೇ. ಬಾಯಿಲ್ಲದ ಹುಡುಗ ಪಾಪದವನು, ಆದರೆ ಹಬ್ಬದ ದಿನ ಅಟ್ಟ ಹತ್ತಿ ಓದುತ್ತಾ ಕೂತವನು ಗುಮ್ಮನಗುಸುಕ. ಪ್ರತಿಯೊಂದು ಸಮಾಜವೂ ತಾನು ಸಹಿಸುವ ಮೌನ ಒಂದನ್ನ, ಶಿಕ್ಷಿಸುವ ಮೌನ ಇನ್ನೊಂದನ್ನ ಆರಿಸಿಟ್ಟುಕೊಂಡಿರುತ್ತೆ.

ಹೊಗಳಿಕೆಯೂ ಮೋಸ ಮಾಡುತ್ತೆ. ಚೀನಾದ ಹಳ್ಳಿಗಳಲ್ಲಿ ಅಪ್ಪ ಅಮ್ಮ ನಗರಕ್ಕೆ ದುಡಿಯಲು ಹೋಗಿ, ಅಜ್ಜಿ ತಾತನ ಹತ್ತಿರ ಉಳಿದ ಮಕ್ಕಳಿದ್ದಾರೆ. ತಂದೆ ತಾಯಿಯಲ್ಲಿ ಒಬ್ಬರಾದರೂ ದೂರ ಇರುವ ಇಂಥ ಮಕ್ಕಳ ಸಂಖ್ಯೆ ಸುಮಾರು 6 ಕೋಟಿ 10 ಲಕ್ಷ ಅಂತ ಅಲ್ಲಿನ ಅಖಿಲ ಚೀನಾ ಮಹಿಳಾ ಒಕ್ಕೂಟ 2013ರಲ್ಲಿ ಅಂದಾಜಿಸಿತ್ತು. 2016ರಲ್ಲಿ ಸರ್ಕಾರ ವ್ಯಾಖ್ಯೆಯನ್ನ ಬಿಗಿ ಮಾಡಿ ಎಣಿಸಿದಾಗ ಸಂಖ್ಯೆ 90 ಲಕ್ಷಕ್ಕೆ ಇಳೀತು. ವ್ಯಾಖ್ಯೆ ಬದಲಾದದ್ದಕ್ಕೆ ಯಾವ ಮಗುವಿನ ಅಮ್ಮನೂ ಮನೆಗೆ ಬರಲಿಲ್ಲ ಅನ್ನೋದು ಬೇರೆ ಮಾತು. ಫೋನಿನಲ್ಲಿ ಅಮ್ಮನ ಜೊತೆ ಅಳದೆ ಮಾತಾಡುವ ಮಗು 'ದೋಂಗ್‌ಶಿ', ತಿಳುವಳಿಕೆಯ ಮಗು ಅನಿಸಿಕೊಳ್ಳುತ್ತೆ. ಆ ಸುಮ್ಮನಿರುವಿಕೆ ಸ್ವಭಾವವೋ, ನುಂಗಿಕೊಂಡ ದುಃಖವೋ ಯಾರು ಕೇಳ್ತಾರೆ? ಹೊಗಳಿಬಿಟ್ಟರೆ ಕೇಳುವ ಕೆಲಸ ತಪ್ಪುತ್ತೆ. ಆದ್ದರಿಂದ ಎಲ್ಲಾ ಸುಮ್ಮನಿರುವ ಮಕ್ಕಳನ್ನೂ 'ಬಿಡಿ, ಅವರ ಪಾಡಿಗೆ ಇರಲಿ' ಅನ್ನುವುದೂ ನನ್ನ ವಾದ ಅಲ್ಲ. ಯಾವ ಮೌನ ಅಂತ ನೋಡದೆ ಔಷಧಿ ಬರೆಯಬೇಡಿ ಅನ್ನೋದು ನನ್ನ ವಾದ.

ಈಗ ನಿಮ್ಮಲ್ಲಿ ಹಲವರು ಹೇಳಬೇಕು ಅಂತ ಕಾಯ್ತಿರೋ ಮಾತಿಗೆ ಬರ್ತೀನಿ: 'ಕಾಲ ಬದಲಾಗಿದೆ ಗುರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಹಿರಿಯರೇ ಹೇಳಿದ್ದಾರೆ. ಮಗುವಿಗೆ ಮಾತು ಕಲಿಸದೆ ಹಾಗೇ ಬಿಟ್ಟರೆ ನಾಳೆ ಹೊಟ್ಟೆಗೇನು?'

ಮಾತು ಕಲಿಸಿ. ಯಾರು ಬೇಡ ಅಂದರು? ಈಜು ಕಲಿಸಿದ ಹಾಗೆ, ಸೈಕಲ್ ಕಲಿಸಿದ ಹಾಗೆ ಕಲಿಸಿ. ಆದರೆ ಈಜು ಬರದ ಮಗುವಿನ ರಿಪೋರ್ಟ್ ಕಾರ್ಡಿನಲ್ಲಿ 'ವ್ಯಕ್ತಿತ್ವದಲ್ಲಿ ಕೊರತೆ' ಅಂತ ಯಾರೂ ಬರೆಯಲ್ಲ. ನಾಲ್ಕು ಜನರ ಮುಂದೆ ನಿಂತು ಹೇಳಬೇಕಾದ್ದನ್ನ ಹೇಳೋದು ಒಂದು ಕೌಶಲ. ಹೊಸ ಜಾಗದಲ್ಲಿ ಮೊದಲು ನೋಡಿ ಆಮೇಲೆ ಕಾಲಿಡೋದು ಒಂದು ಸ್ವಭಾವ. ಹಾರ್ವರ್ಡಿನ ಜೆರೋಮ್ ಕಾಗನ್ ದಶಕಗಳ ಕಾಲ ಇಂಥ ಮಕ್ಕಳ ಹಿಂದೆ ಬಿದ್ದು, ಈ ಹಿಂಜರಿಕೆಯ ಬೇರು ತೀರಾ ಎಳೆಯ ವಯಸ್ಸಿನಲ್ಲೇ, ದೇಹದಲ್ಲೇ ಇರುತ್ತೆ ಅಂತ ತೋರಿಸಿದರು. ಬೆಳೀತಾ ಅದರ ರೂಪ ಬದಲಾಗಬಹುದು ಅಂತಲೂ ಹೇಳಿದರು. ಕೌಶಲವನ್ನ ಕಲಿಸಬಹುದು. ಸ್ವಭಾವವನ್ನ ತಪ್ಪು ಅಂತ ಹೇಳಿದರೆ ಮಗು ಕಲಿಯೋದು ಒಂದೇ ಪಾಠ, ತನ್ನ ಬಗ್ಗೆ ನಾಚಿಕೆಪಡೋದು. ಇರೋ ನಾಚಿಕೆ ಸಾಲದು ಅಂತ!

2002ರ ಶಾಂಘೈ ಮಕ್ಕಳ ಖಿನ್ನತೆಯನ್ನೇ ನೋಡಿ. ಖಿನ್ನತೆ ನಾಚಿಕೆಯಿಂದಲೇ ಹುಟ್ಟೋದಾಗಿದ್ದರೆ 1990ರಲ್ಲೂ ಹುಟ್ಟಬೇಕಿತ್ತು. ಎರಡರ ಸಂಬಂಧ ಕಾಣಿಸಿಕೊಂಡಿದ್ದು ಜೊತೆಯವರ ಕಣ್ಣು ಬದಲಾದ ಕಾಲದಲ್ಲಿ. ಹಾಗಿದ್ದಾಗ ಚಿಕಿತ್ಸೆ ಮೊದಲು ಯಾರಿಗೆ ಬೇಕು?

ನಾವು ದೊಡ್ಡವರೂ ಇದರಿಂದ ಹೊರಗಿಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ, ಇಡೀ ವರ್ಷ ರಾತ್ರಿ ಸರ್ವರ್ ಬಿದ್ದಾಗಲೆಲ್ಲಾ ಎದ್ದು ಕೂತು ಸರಿ ಮಾಡಿದ ನನಗೆ ಅಪ್ರೈಸಲ್‌ನಲ್ಲಿ ಸಿಕ್ಕ ಷರಾ 'ವಿಸಿಬಿಲಿಟಿ ಕಡಿಮೆ'. ಸರ್ವರ್ ಬೀಳಲಿಲ್ಲ ಅನ್ನೋದು ಕಾಣಿಸೋ ವಿಷಯ ಅಲ್ಲ ನೋಡಿ. ಮೀಟಿಂಗಿನಲ್ಲಿ ಮೊದಲು ಬಾಯಿ ತೆಗೆದವನು ನಾಯಕ, ಕೊನೆಗೆ ಸರಿಯಾದ್ದನ್ನ ಹೇಳಿದವನು 'ಟೀಮ್ ಪ್ಲೇಯರ್'. ಈ ಕಾಲಮ್ಮು ಓದುತ್ತಿರುವ ನಿಮ್ಮಲ್ಲಿ ಕೆಲವರು ಈಗ ಆ ಷರಾ ಬರೆಯುವ ಜಾಗದಲ್ಲಿದ್ದೀರಿ. ಸಂಜೆ ಮನೆಗೆ ಹೋಗಿ ಮಗುವಿನ ರಿಪೋರ್ಟ್ ಕಾರ್ಡ್ ನೋಡಿ ಬೇಜಾರು ಮಾಡ್ಕೊಳ್ಳುವ ನೀವೇ, ಬೆಳಿಗ್ಗೆ ಇನ್ನೊಬ್ಬರ ಮಗುವಿಗೆ ಅದೇ ಸಾಲು ಬರೆದು ಬಂದಿರ್ತೀರಿ.

ಚೀನಾದ ಸಂಶೋಧನೆಯನ್ನ ಹಾಗೇ ಎತ್ತಿ ನಮ್ಮ ಮಕ್ಕಳ ತಲೆ ಮೇಲೆ ಇಡೋಕೆ ಬರಲ್ಲ, ಗೊತ್ತು. ಅವೆಲ್ಲಾ ಸರಾಸರಿ ಲೆಕ್ಕ, ಬಿಡಿ ಮಗುವಿನ ಜಾತಕ ಅಲ್ಲ. ಆದರೆ ಅದು ಒಂದು ಮಾತನ್ನ ಖಚಿತವಾಗಿ ಒಡೆದು ಹಾಕಿದೆ: ಸುಮ್ಮನಿರೋ ಮಗುವಿಗೆ ಎಲ್ಲಾ ಕಾಲಕ್ಕೂ, ಎಲ್ಲಾ ಊರಲ್ಲೂ ತೊಂದರೆ ಗ್ಯಾರಂಟಿ ಅನ್ನೋ ಮಾತು. ಕಾನ್ಫಿಡೆನ್ಸ್ ಕ್ಲಾಸುಗಳ ವ್ಯಾಪಾರ ನಿಂತಿರೋದೇ ಆ ಗ್ಯಾರಂಟಿಯ ಮೇಲೆ.

ಅಕ್ಕನಿಗೆ ನಾನು ಹೇಳಿದ್ದು ಮೂರು ಪ್ರಶ್ನೆ. ಅವಳಿಗೆ ಆಡೋಕೆ ಆಸೆ ಇದ್ದು ಭಯವಾ? ಹಾಗಿದ್ರೆ ಒಬ್ಬಳೇ ಒಬ್ಬ ಗೆಳತಿಯನ್ನ ಮನೆಗೆ ಕರಿ, ಮೂವತ್ತು ಜನರ ಸ್ಟೇಜ್ ಬೇಡ. ಒಬ್ಬಳೇ ಇರೋದು ಖುಷಿಯಾ? ಹಾಗಿದ್ರೆ ಅವಳನ್ನ ಅವಳ ಪಾಡಿಗೆ ಬಿಡು, ರಿಪೋರ್ಟ್ ಕಾರ್ಡನ್ನ ಬೀರುವಿನಲ್ಲಿ ಇಡು. ಬೇರೆ ಮಕ್ಕಳು ಸೇರಿಸ್ಕೊಳ್ತಿಲ್ವಾ? ಹಾಗಿದ್ರೆ ಕ್ಲಾಸು ಬೇಕಾಗಿರೋದು ಅವಳಿಗಲ್ಲ, ಆ ಮೂವತ್ತು ಮಕ್ಕಳಿಗೆ ಮತ್ತು ಅವರ ಮಿಸ್ಸಿಗೆ. ನಾಳೆಯೇ ಹೋಗಿ ಜಗಳ ಮಾಡು.

ನಿಮಗೂ ಇದನ್ನೇ ಹೇಳ್ತೀನಿ. ಷರಾ ಬರೆಯೋ ಪೆನ್ನು ನಿಮ್ಮ ಕೈಲಿದ್ದರೆ, ಬರೆಯೋ ಮುಂಚೆ ಈ ಮೂರು ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲದೆ ಹೋದರೆ ಆ ಜಾಗ ಖಾಲಿ ಬಿಡಿ. ನೀವೂ ಒಂದು ಸಲ ಸುಮ್ಮನಿದ್ದರೆ ಏನೂ ಮುಳುಗಿಹೋಗಲ್ಲ.